ಡ್ಯೂಟಿ ಪಟ್ಟಿಯಲ್ಲಿ ಓದಿಗೂ ಜಾಗ

ಎರಡು ಮಕ್ಕಳ ತಾಯಿಯೊಬ್ಬಳು ಆಸ್ಪತ್ರೆಯ ಪಾಳಿ ಮಾಡುತ್ತಲೇ ನರ್ಸಿಂಗ್ ಪದವಿ ಮುಗಿಸಿದಳೆಂದರೆ ಎಲ್ಲರ ಬಾಯಲ್ಲೂ ಅವಳ ಛಲದ ಮಾತೇ. ಶಾಲು ಹೊದಿಸುತ್ತೇವೆ, ಪತ್ರಿಕೆಯಲ್ಲಿ ಫೋಟೊ ಹಾಕುತ್ತೇವೆ. ಆ ಹೊಗಳಿಕೆಗೆ ಅವಳು ಖಂಡಿತ ಅರ್ಹಳು. ಆದರೆ ಹೊಗಳುವ ಭರದಲ್ಲಿ ಒಂದು ಪ್ರಶ್ನೆ ಕೇಳುವುದು ಉಳಿದುಹೋಗುತ್ತದೆ: ಅವಳ ಓದಿನಿಂದ ಲಾಭವಾದದ್ದು ಯಾರಿಗೆ, ಅದಕ್ಕೆ ಬೆಲೆ ತೆತ್ತವರು ಯಾರು? ಲಾಭದಲ್ಲಿ ರೋಗಿಗೂ ಆಸ್ಪತ್ರೆಗೂ ದೊಡ್ಡ ಪಾಲಿದೆ. ಬೆಲೆ ಮಾತ್ರ ಪೂರ್ತಿಯಾಗಿ ಅವಳ ನಿದ್ದೆಯಿಂದ, ಮಕ್ಕಳ ಪಾಲಿನ ಹೊತ್ತಿನಿಂದ ಹೋಗುತ್ತದೆ. ಇದು ಸರಿಯಲ್ಲ. ಕೆಲಸದಲ್ಲಿರುವ ನರ್ಸಿನ ಓದನ್ನು ಡ್ಯೂಟಿಯ ಭಾಗವೆಂದೇ ಲೆಕ್ಕ ಹಿಡಿಯಬೇಕು, ಅದರ ಗಂಟೆಗಳು ಡ್ಯೂಟಿ ಪಟ್ಟಿಯೊಳಗೇ ಇರಬೇಕು ಎಂಬುದು ನನ್ನ ವಾದ.

ನಮ್ಮಲ್ಲಿ ಈ ಸಮಸ್ಯೆ ಹುಟ್ಟುವ ರೀತಿ ಹೀಗೆ. ಪಿಯುಸಿ ಆದಮೇಲೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ, 3 ವರ್ಷ. ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಕೆಲಸ. ಬಹಳಷ್ಟು ಮನೆಗಳಿಗೆ ಆ ಸಂಬಳ ಬೇಕೇ ಬೇಕು, ಅದಕ್ಕಾಗಿಯೇ ನಾಲ್ಕು ವರ್ಷದ ಬಿ.ಎಸ್ಸಿ. ಬಿಟ್ಟು ಡಿಪ್ಲೊಮಾ ಸೇರಿರುತ್ತಾರೆ. ಮುಂದೆ ಮದುವೆ, ಬಾಣಂತನ. ಆಮೇಲೆ ಪದವಿ ಬೇಕೆನಿಸಿದರೆ ಇರುವ ದಾರಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಕಾಲೇಜಿಗೆ ಹೋಗಿ ಓದಿದರೆ 2 ವರ್ಷ. ಸರ್ಕಾರಿ ನೌಕರಿಯಲ್ಲಿದ್ದರೆ ನಿಯೋಜನೆ ಸಿಗಬಹುದು, ಖಾಸಗಿ ಆಸ್ಪತ್ರೆಯಲ್ಲಿದ್ದರೆ ಕೆಲಸ ಬಿಡುವುದೊಂದೇ ಉಳಿದ ದಾರಿ. ಕೆಲಸದಲ್ಲಿರುವವರಿಗಾಗಿಯೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಇದೇ ಪದವಿಯನ್ನು ಕನಿಷ್ಠ 3 ವರ್ಷದ ದೂರಶಿಕ್ಷಣವಾಗಿ ತಂದಿತು. ಪದವಿ ಇಲ್ಲದೆ ಎಂ.ಎಸ್ಸಿ. ಇಲ್ಲ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವಂತಿಲ್ಲ. 2018ರಿಂದ ಹಳ್ಳಿಗಳ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಗೂ ನರ್ಸಿಂಗ್‌ನವರಾದರೆ ಹಲವೆಡೆ ಬಿ.ಎಸ್ಸಿ. ಕೇಳುತ್ತಾರೆ.

ಇದೆಲ್ಲ ಅವಳ ಬಡ್ತಿಯ ಮಾತಾಯಿತು, ರೋಗಿಗೇನು ಎನ್ನಬಹುದು. ವಾರ್ಡಿನ ಒಂದು ಸಣ್ಣ ಕೆಲಸವನ್ನೇ ನೋಡಿ. ವರ್ಷಗಟ್ಟಲೆ ಬೀಡಿ ಸೇದಿ ಅಥವಾ ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟ ರೋಗಿ ಏದುಸಿರು ಬಿಡುತ್ತಿದ್ದಾನೆ. ಆಮ್ಲಜನಕವನ್ನು ಪೂರ್ತಿ ತಿರುಗಿಸಿಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ, ಮನೆಯವರೂ ಹಾಗೆಯೇ ಒತ್ತಾಯಿಸುತ್ತಾರೆ. ಆದರೆ ಇಂಥ ಹಲವರಲ್ಲಿ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅದಕ್ಕೇ ಉಳಿದವರಿಗೆ ಬೆರಳಿನ ಯಂತ್ರದಲ್ಲಿ ಆಮ್ಲಜನಕದ ಮಟ್ಟ ಶೇ 94ರಿಂದ 98 ಇರಲಿ ಎಂದರೆ, ಇವರಿಗೆ 88ರಿಂದ 92 ಸಾಕು. ಡಾಕ್ಟರು ಬರೆದಿಟ್ಟದ್ದನ್ನು ಅನುಭವಸ್ಥ ನರ್ಸು ಪಾಲಿಸುತ್ತಾಳೆ. ಕಾರಣ ಬಲ್ಲವಳಾದರೆ, ಡಾಕ್ಟರು ಇಲ್ಲದ ರಾತ್ರಿ ಎರಡು ಗಂಟೆಗೆ ರೋಗಿ ತೂಕಡಿಸತೊಡಗಿದಾಗ ಅದು ನೆಮ್ಮದಿಯ ನಿದ್ದೆಯಲ್ಲ, ಅಪಾಯ ಎಂದು ಗುರುತಿಸಿ ಫೋನ್ ಮಾಡುತ್ತಾಳೆ. ಪದವಿಯ ಕೇರ್ ಪ್ಲಾನ್ ಪುಸ್ತಕದಲ್ಲಿ ಮಾಡಿದ ಪ್ರತಿ ಕೆಲಸದ ಎದುರಿಗೂ ಯಾಕೆ ಮಾಡಿದೆ ಎಂದು ಬರೆಯುವ ಒಂದು ಕಾಲಂ ಇರುತ್ತದೆ. ಆ ಕಾಲಂ ತುಂಬಿ ತುಂಬಿ ಬರುವ ಅಭ್ಯಾಸ ಇದು. ದೊಡ್ಡ ಪ್ರಮಾಣದ ಪುರಾವೆಯೂ ಇದೆ. ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಪದವೀಧರ ನರ್ಸುಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದಲ್ಲಿ, 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಕಡಿಮೆ. ಒಳ್ಳೆಯ ಆಸ್ಪತ್ರೆಗಳೇ ಪದವೀಧರರನ್ನು ಸೇರಿಸಿಕೊಂಡಿರಬಹುದಲ್ಲ ಎಂಬ ಅನುಮಾನ ನ್ಯಾಯವಾದದ್ದು. ಇಂಥ ಅಧ್ಯಯನ ಸಂಬಂಧ ತೋರಿಸುತ್ತದೆ, ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ಅದೇ ಅಧ್ಯಯನ ಇನ್ನೊಂದನ್ನೂ ಕಂಡುಕೊಂಡಿತು, ನನ್ನ ವಾದಕ್ಕೆ ಅದೂ ಅಷ್ಟೇ ಮುಖ್ಯ: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೂ ಸಾವಿನ ಸಂಭವ ಶೇ 7ರಷ್ಟು ಏರುತ್ತದೆ. ಓದಿದ ನರ್ಸೂ ಬೇಕು, ಬಳಲದ ನರ್ಸೂ ಬೇಕು.

ಬಿಡುವಿನ ವೇಳೆಯಲ್ಲಿ ಓದಿಕೊಳ್ಳಲಿ ಎನ್ನುವವರು ಆ ಬಿಡುವು ಎಲ್ಲಿದೆ ಎಂದು ಕೂಡಿ ಕಳೆದು ನೋಡಬೇಕು. ವಾರಕ್ಕೆ 168 ಗಂಟೆ. ಆರು ದಿನ ಎಂಟೆಂಟು ಗಂಟೆಯ ಡ್ಯೂಟಿಗೆ 48 ಹೋಯಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಹೊತ್ತು 299 ನಿಮಿಷ, ಗಂಡಸರು 97 ನಿಮಿಷ. ದುಡಿಯಲು ಹೋಗುವವಳಿಗೆ ಇದು ತುಸು ಕಡಿಮೆಯಿದ್ದೀತು. ವಾರಕ್ಕೆ 30 ಗಂಟೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಏಳು ಗಂಟೆ ನಿದ್ದೆ ಎಂದರೆ 49. ಉಳಿದದ್ದು 41 ಗಂಟೆ. ಬಸ್ಸು, ಸ್ನಾನ, ಊಟ ಇದರಲ್ಲೇ ಆಗಬೇಕು. ಮಕ್ಕಳ ಆರೈಕೆಯನ್ನು ಸಮೀಕ್ಷೆ ಬೇರೆಯಾಗಿ ಎಣಿಸಿದೆ. ಹೋಂವರ್ಕ್, ಜ್ವರ, ಶಾಲೆಯ ಪೋಷಕರ ಸಭೆ ಎಲ್ಲವೂ ಈ 41ರಲ್ಲಿಯೇ. ನೈಟ್ ಡ್ಯೂಟಿಯ ವಾರದಲ್ಲಂತೂ ಈ ಲೆಕ್ಕವೂ ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಟ್ಟು, ಕೇಸ್ ಶೀಟ್ ಬರೆದು ಮುಗಿಸಿ ಮನೆ ಸೇರುವಷ್ಟರಲ್ಲಿ ಮಕ್ಕಳು ಶಾಲೆಗೆ ಹೋಗಿಯಾಗಿರುತ್ತದೆ. ಮಧ್ಯಾಹ್ನದೊಳಗೆ ನಿದ್ದೆ ಮಾಡಬೇಕು, ಅವರು ಬರುವ ಹೊತ್ತಿಗೆ ಎದ್ದಿರಬೇಕು. ಪುಸ್ತಕ ತೆರೆಯಲು ಉಳಿಯುವುದು ನಿದ್ದೆಯಿಂದ ಕದ್ದ ಹೊತ್ತು ಮಾತ್ರ. ಶಿಶುವಿಹಾರವಾದರೂ ನೆರವಾಗಬಹುದಿತ್ತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ಇರಲೇಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯೇ ಹೇಳಿತು. ಆದರೆ ಹಗಲು ಮಾತ್ರ ತೆರೆದಿರುವ ಶಿಶುವಿಹಾರ ರಾತ್ರಿ ಪಾಳಿಯ ತಾಯಿಗೆ ಯಾವ ಉಪಯೋಗಕ್ಕೂ ಬಾರದು.

ಹಾಗಿದ್ದರೆ ಕೆಲಸದ ಜೊತೆ ಓದುವುದೇ ಬೇಡ, ಬಳಲಿದ ನರ್ಸು ಔಷಧದ ಪ್ರಮಾಣ ತಪ್ಪಿದರೆ ಹೊಣೆ ಯಾರು ಎಂಬ ಆಕ್ಷೇಪ ಬರುತ್ತದೆ. ನಾನು ಕೇಳಿದ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05 ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಆದರೆ ಈ ಆಕ್ಷೇಪ ತಗಲುವುದು ಓದಿಗಲ್ಲ, ಪೂರ್ತಿ ಡ್ಯೂಟಿಯ ಮೇಲೆ ಓದನ್ನು ಹೇರುವ ಪದ್ಧತಿಗೆ. ಡ್ಯೂಟಿಯಿಂದ ಎಂಟು ಗಂಟೆ ಬಿಡಿಸಿ ಓದಿಗೆ ಕೊಟ್ಟರೆ ಎಚ್ಚರದ ಗಂಟೆ ಒಂದೂ ಹೆಚ್ಚುವುದಿಲ್ಲ.

ನರ್ಸಿಂಗ್ ಕೈಯಿಂದ ಕಲಿಯುವ ವಿದ್ಯೆ, ಅರೆಕಾಲಿಕವಾಗಿ ಕಲಿಸಲಾಗದು ಎನ್ನುವವರೂ ಇದ್ದಾರೆ. ಬ್ರಿಟನ್ನಿನಲ್ಲಿ ನರ್ಸಾಗಲು 4600 ಗಂಟೆಗಳ ತರಬೇತಿ ಬೇಕು, ಅದರಲ್ಲಿ ಅರ್ಧ ಪ್ರಾಯೋಗಿಕ. ಅಲ್ಲಿನ ಓಪನ್ ಯೂನಿವರ್ಸಿಟಿ 2002ರಿಂದಲೂ, ಆಸ್ಪತ್ರೆಗಳಲ್ಲಿ ಸಹಾಯಕರಾಗಿ ದುಡಿಯುವವರನ್ನು ಅವರ ಮಾಲೀಕರ ನೆರವಿನಿಂದಲೇ ಅರೆಕಾಲಿಕವಾಗಿ ನರ್ಸುಗಳಾಗಿಸುತ್ತಿದೆ. ಗಂಟೆಗಳಲ್ಲಿ ರಿಯಾಯಿತಿ ಇಲ್ಲ, ಹರವಿನಲ್ಲಿ ಮಾತ್ರ ಸಡಿಲ. ನಮ್ಮ ಜಿಎನ್‌ಎಂ ನರ್ಸು ಅವರಿಗಿಂತ ಎಷ್ಟೋ ಮುಂದಿರುವವಳು. ಆದರೆ ಹತ್ತು ವರ್ಷ ಒಂದೇ ಐಸಿಯುನಲ್ಲಿದ್ದವಳಿಗೆ ಹೆರಿಗೆ ವಾರ್ಡು, ಮನೋರೋಗ ವಿಭಾಗ, ಹಳ್ಳಿಯ ಮನೆಭೇಟಿ ಕಲಿಯುವುದು ಇದ್ದೇ ಇದೆ. ಆ ಪೋಸ್ಟಿಂಗ್‌ಗಳನ್ನು ಕಡಿತಗೊಳಿಸಬೇಕೆಂದು ನಾನು ಕೇಳುವುದಿಲ್ಲ.

ಮಕ್ಕಳು ದೊಡ್ಡವರಾದ ಮೇಲೆ ಓದಲಿ ಎಂಬ ಮಾತಿನಲ್ಲಿ ಕಾಳಜಿಯಿದೆ, ಆದರೆ ಅಲ್ಲಿಯವರೆಗೆ ಬಾಗಿಲು ತೆರೆದಿರುವುದಿಲ್ಲ. ಏಮ್ಸ್ ಆಸ್ಪತ್ರೆಗಳ ನೇಮಕಾತಿಗೆ ಸಾಮಾನ್ಯ ವರ್ಗದವರ ವಯೋಮಿತಿ 30. ಜಗತ್ತಿನ ನರ್ಸುಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಹೇಳುತ್ತದೆ. ಇಂಥ ವೃತ್ತಿಯ ಉನ್ನತ ಶಿಕ್ಷಣವನ್ನು ಮಕ್ಕಳೇ ಇಲ್ಲದವರಿಗಾಗಿ ಎಂಬಂತೆ ರೂಪಿಸಿರುವುದು ನನಗೆ ಅರ್ಥವಾಗದ ಸಂಗತಿ.

ಇನ್ನು ಆಸ್ಪತ್ರೆಯವರ ಮಾತು: ನಾವು ಖರ್ಚು ಮಾಡಿ ಓದಿಸುತ್ತೇವೆ, ಅವಳು ಗಲ್ಫಿಗೋ ಐರ್ಲೆಂಡಿಗೋ ಹೊರಡುತ್ತಾಳೆ. ಕೆಲವರು ಹೋಗುತ್ತಾರೆ, ನಿಜ. ಹೋಗುವವರನ್ನು ಎಳೆಯುವುದು ಮುಖ್ಯವಾಗಿ ಸಂಬಳ, ಡಿಪ್ಲೊಮಾದವರೂ ಹೋಗುತ್ತಲೇ ಇದ್ದಾರೆ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸುಗಳಷ್ಟೇ ಸಂಬಳ ಕೊಡಬೇಕೆಂದು ಶಿಫಾರಸು ಮಾಡಿತ್ತು; ಉಳಿಸಿಕೊಳ್ಳುವ ಮನಸ್ಸಿದ್ದವರು ಅಲ್ಲಿಂದ ಶುರುಮಾಡಬಹುದು. ಎರಡು ವರ್ಷ ಇಲ್ಲೇ ಕೆಲಸ ಮಾಡು ಎಂಬ ಒಪ್ಪಂದವೂ ತಪ್ಪಲ್ಲ, ಮೂಲ ಪ್ರಮಾಣಪತ್ರ ಕಸಿದಿಟ್ಟುಕೊಳ್ಳದಿದ್ದರೆ. ಖರ್ಚು ಎಷ್ಟೆಂದೂ ನೋಡೋಣ. ಓದುವವಳಿಗೆ ವಾರದ ಆರು ಪಾಳಿಗಳಲ್ಲಿ ಒಂದನ್ನು ಸಂಬಳ ಸಹಿತ ಓದಿಗೆ ಬಿಟ್ಟುಕೊಟ್ಟರೆ ವರ್ಷಕ್ಕೆ ಸುಮಾರು 400 ಗಂಟೆ, ಮೂರು ವರ್ಷಕ್ಕೆ 1200 ಗಂಟೆ ಓದು ಸಿಗುತ್ತದೆ. ಆ ಪಾಳಿಯನ್ನು ಜೊತೆಯವರ ಹೆಗಲಿಗೆ ದಾಟಿಸಿದರೆ ಅನ್ಯಾಯ ಜಾಗ ಬದಲಿಸಿದಂತಷ್ಟೇ, ಆದ್ದರಿಂದ ಬದಲಿ ಹುದ್ದೆ ಬೇಕು. ಒಂದು ಆಸ್ಪತ್ರೆಯಲ್ಲಿ ಆರು ಮಂದಿ ಓದುತ್ತಿದ್ದರೆ ತುಂಬಬೇಕಾದದ್ದು ವಾರಕ್ಕೆ ಆರು ಪಾಳಿ, ಎಂದರೆ ಹೆಚ್ಚುವರಿಯಾಗಿ ಬೇಕಾಗುವುದು ಒಬ್ಬರೇ ಒಬ್ಬ ನರ್ಸು.