ತಿರುವಿನ ರುಚಿ

ನಮ್ಮೂರು ಮುಧೋಳ, ಮನೆಯಲ್ಲೊಂದು ನಾಯಿ ಇದೆ ಎಂದರೆ ಸಾಕು, ಎದುರಿಗಿದ್ದವರ ಕಣ್ಣು ಅರಳುತ್ತದೆ. ಉದ್ದ ಮೂತಿ, ಒಳಸರಿದ ಹೊಟ್ಟೆ, ತೆಳ್ಳನೆಯ ನೀಳ ಕಾಲು. ಅವರ ಮನಸ್ಸಿನಲ್ಲಿರುವುದು ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ. ಘೋರ್ಪಡೆ ರಾಜಮನೆತನ ಪೋಷಿಸಿದ ತಳಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು, ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವೂ ಇದೆ. ನಮ್ಮದು ಸೇಡಂ ತಾಲ್ಲೂಕಿನ ಮುಧೋಳ. ತೆಲಂಗಾಣದ ಗಡಿ ಹತ್ತಿರ; ತೊಗರಿ, ಸುಣ್ಣಕಲ್ಲು, ಬಿಸಿಲು ಯಾವುದಕ್ಕೂ ಬರವಿಲ್ಲ. ನಾನು ಸಾಕಿರುವುದು ಪುಟಾಣಿ ಎಂಬ ಹೆಣ್ಣು ಜ್ಯಾಕ್ ರಸೆಲ್ ಟೆರಿಯರ್. ಮೊಣಕಾಲಿಗೂ ಬಾರದ ಜೀವ. ನೋಡಲು ಬಂದವರು ಮುಖ ಸಣ್ಣದು ಮಾಡಿಕೊಂಡು, “ಇದೇನ್ರೀ, ಮುಧೋಳದಾಗ ಇದ್ದು ಇಲಿ ಹಿಡಿಯೋ ನಾಯಿ ಸಾಕೀರಿ?” ಎನ್ನುತ್ತಾರೆ.

ಅವರ ಮಾತು ಪೂರ್ತಿ ತಪ್ಪೂ ಅಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್ ಇಂಥ ನಾಯಿಗಳನ್ನು ಬೆಳೆಸಿದ್ದು ಬಿಲದೊಳಗಿನ ನರಿಯನ್ನು ಹೊರಗೆಬ್ಬಿಸಲಿಕ್ಕೆ. ಬಿಲ ಹೊಕ್ಕ ನಾಯಿಗೆ ಯಜಮಾನ ಕಾಣುವುದಿಲ್ಲ. ಬೊಗಳಬೇಕೋ ನುಗ್ಗಬೇಕೋ ಕಾಯಬೇಕೋ, ಕತ್ತಲಲ್ಲಿ ತಾನೇ ತೀರ್ಮಾನಿಸಬೇಕು. ತಲೆತಲಾಂತರದಿಂದ ಹೀಗೆ ಸ್ವಂತ ಬುದ್ಧಿಯ ಮೇಲೆ ಬದುಕಿದ ಪ್ರಾಣಿಗೆ, ನನ್ನ ಹೆಗಲನ್ನು ನೋಡುತ್ತ ನಾನು ತೋರಿಸಿದ ಕಡೆಗೆ ಓಡು ಎನ್ನುವ ಆಟ ನನ್ನದು. ಅಜಿಲಿಟಿ ಎಂದು ಅದರ ಹೆಸರು. ಊರಿನವರ ಬಾಯಲ್ಲಿ ‘ನಾಯಿ ಸರ್ಕಸ್’. ‘777 ಚಾರ್ಲಿ’ ಸಿನಿಮಾದಲ್ಲಿ ಇಂಥದೊಂದು ಸ್ಪರ್ಧೆ ಬಂದ ಮೇಲೆ ನನಗೆ ಸ್ವಲ್ಪ ಮರ್ಯಾದೆ ಹೆಚ್ಚಿತು.

ಅಜಿಲಿಟಿ ಹುಟ್ಟಿದ್ದು ಹೊತ್ತು ಕಳೆಯುವ ಆಟವಾಗಿ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಒಂದು ಸ್ಪರ್ಧೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಜನರನ್ನು ಕೂಡಿಸಿಡಲು, ಕುದುರೆಗಳ ಅಡೆತಡೆ ಜಿಗಿತವನ್ನು ನಾಯಿಗಳಿಗೆ ಅಳವಡಿಸಿದರು. ಎರಡೇ ವರ್ಷದಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಅದಕ್ಕೆ ಮಾನ್ಯತೆ ಕೊಟ್ಟಿತು. ಜಿಗಿಯುವ ಅಡ್ಡಕೋಲು, ಸುರಂಗ, ಎತ್ತರದ ಹಲಗೆ ಹಾದಿ, ಏರಿಳಿಯುವ ಹಲಗೆ, ಹನ್ನೆರಡು ಕಂಬಗಳ ಸಾಲು. ಇವನ್ನೆಲ್ಲ ತೀರ್ಪುಗಾರ ಹೇಳಿದ ಕ್ರಮದಲ್ಲೇ ದಾಟಿಸಬೇಕು. ಕೋಲು ಬಿದ್ದರೆ ದಂಡ. ಮೂರು ಸಲ ಅಡ್ಡಿಯ ಮುಂದೆ ನಿರಾಕರಿಸಿದರೆ ಮನೆಗೆ. ನಾಯಿಯನ್ನು ಮುಟ್ಟುವಂತಿಲ್ಲ, ಹಗ್ಗವಿಲ್ಲ, ಕೈಯಲ್ಲಿ ತಿನಿಸೂ ಇರಬಾರದು.

ನಮ್ಮ ಮೈದಾನ ರಾಶಿ ಮುಗಿದ ಮೇಲೆ ಖಾಲಿ ಬೀಳುವ ಒಂದು ಕಣ. ಹೊಲದಲ್ಲಿ ಆಗುವುದಿಲ್ಲ; ಬೇಸಿಗೆಯಲ್ಲಿ ಎರೆಭೂಮಿ ಬಾಯಿಬಿಟ್ಟರೆ ಸಣ್ಣ ನಾಯಿಯ ಕಾಲು ಸಿಕ್ಕಿಕೊಳ್ಳುತ್ತದೆ. ಮನೆಯಂಗಳದ ಶಹಾಬಾದ್ ಕಲ್ಲಿನ ಮೇಲೂ ಬೇಡ, ಉಗುರಿಗೆ ಹಿಡಿತ ಸಿಗದೆ ತಿರುಗುವಾಗ ಜಾರುತ್ತದೆ. ಸುರಂಗಕ್ಕೆ ಬಗ್ಗಿಸಿದ ಪ್ಲಾಸ್ಟಿಕ್ ಪೈಪು, ಮೇಲೆ ತಾಡಪತ್ರಿ. ಏರಿಳಿಯುವ ಹಲಗೆ ವೆಲ್ಡಿಂಗ್ ಅಂಗಡಿಯಲ್ಲಿ ಆಯಿತು. ಬಣ್ಣಕ್ಕೆ ಮರಳು ಕಲಸಿ ಬಳಿದಿದ್ದೇನೆ. ಅಡ್ಡಕೋಲಿಗೆ ಮಾತ್ರ ಯಾವ ವಿದೇಶಿ ಸಾಮಾನೂ ನಮ್ಮ ತೊಗರಿ ಕಟ್ಟಿಗೆಗೆ ಸಾಟಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಇಟ್ಟಂಗಿ ಸಾಲಿನ ಮೇಲಿಟ್ಟರೆ ಆಯಿತು. ಎಷ್ಟು ಹಗುರವೆಂದರೆ ಪುಟಾಣಿಯ ಹಿಂಗಾಲಿನ ಕೂದಲು ಸೋಕಿದರೂ ಉರುಳಿ ಬೀಳುತ್ತದೆ, ಪೆಟ್ಟಾಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಊರತುಂಬ ಬಣವೆ ಬಣವೆ ಬಿದ್ದಿರುತ್ತದೆ.

ಕಂಬಗಳ ಸಾಲೇ ನನಗೆ ಅತ್ಯಂತ ಪ್ರಿಯ. 60 ಸೆಂಟಿಮೀಟರಿಗೊಂದರಂತೆ ನೆಟ್ಟ ಹನ್ನೆರಡು ಕಂಬ. ಮೊದಲನೆಯದು ಸದಾ ನಾಯಿಯ ಎಡಹೆಗಲಿಗೆ ಬರಬೇಕು, ಯಾವ ಕೋನದಿಂದ ಓಡಿ ಬಂದರೂ. ಶಾಲೆಯ ಖೋ-ಖೋದಲ್ಲಿ ಒಳ್ಳೆಯ ಓಟಗಾರ ಕೂತವರ ಸಾಲಿನ ಒಬ್ಬೊಬ್ಬರ ನಡುವೆಯೂ ನುಸುಳಿ ಸಾಗುತ್ತಾನಲ್ಲ, ಅದೇ ಲಯ ಇದು. ದೊಡ್ಡ ನಾಯಿಗಳು ಇಲ್ಲಿ ಬೆನ್ನು ಮುರಿದುಕೊಂಡು ಬಾಗಬೇಕು. ಪುಟಾಣಿಗೆ ಅದರ ಗೊಡವೆಯಿಲ್ಲ. ಎರಡೂ ಮುಂಗಾಲು ಜೋಡಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪುಟಿಯುತ್ತ, ಬಾಲದ ತುದಿ ಕೊನೆಯ ಕಂಬ ದಾಟುವವರೆಗೂ ತಲೆ ಎತ್ತದೆ ಸಾಗುತ್ತಾಳೆ. ಕಂಬಕ್ಕೆ ಮೈ ತಾಗುವ ಟಪ್ ಟಪ್ ಸದ್ದು ಒಂದೇ ಸಮನೆ ಬಂದರೆ, ನೋಡದೆಯೇ ಗೊತ್ತು, ಒಂದೂ ಬಿಟ್ಟಿಲ್ಲ.

ಬೇಟೆನಾಯಿಯ ಸೊಗಸು ನೇರ ಓಟದಲ್ಲಿ. ದೂರದ ಮೊಲವನ್ನು ಕಣ್ಣಲ್ಲೇ ಹಿಡಿದು ಬಿಟ್ಟ ಬಾಣದ ಹಾಗೆ ಹೋಗುತ್ತದೆ, ಅದಕ್ಕೆ ನಾನೂ ಕೈಮುಗಿಯುತ್ತೇನೆ. ಅಜಿಲಿಟಿಯ ಸುಖ ತಿರುವಿನಲ್ಲಿದೆ. ಅಡ್ಡಕೋಲಿನ ಮೇಲೆ ಗಾಳಿಯಲ್ಲಿರುವಾಗಲೇ ಅವಳಿಗೆ ಮುಂದಿನ ದಿಕ್ಕು ತಿಳಿದಿರಬೇಕು. ತಿಳಿಯುವುದು ನನ್ನ ಪಾದ, ಸೊಂಟ, ಹೆಗಲಿನಿಂದ. ಅವಳು ಸುರಂಗ ಹೊಕ್ಕಿರುವಾಗ ನಾನು ಅವಳ ದಾರಿಯನ್ನು ಮುಂದಿನಿಂದ ದಾಟಿ ಇನ್ನೊಂದು ಬದಿಗೆ ಹೋದರೆ ಒಂದು ತಿರುವು. ಹಿಂದೆ ಉಳಿದು ಅವಳ ಬೆನ್ನಹಿಂದೆ ದಾಟಿದರೆ ಬೇರೆಯೇ ತಿರುವು. ಸ್ಪರ್ಧೆಗಳಲ್ಲಿ ಓಟಕ್ಕೆ ಮುಂಚೆ ನಾಯಿಯಿಲ್ಲದೆ ಮೈದಾನ ನಡೆದು ನೋಡಲು ಕೆಲವು ನಿಮಿಷ ಕೊಡುತ್ತಾರೆ. ನಾನು ಕಣದಲ್ಲೂ ಅದನ್ನು ಬಿಡುವುದಿಲ್ಲ. ನಸುಕಿನಲ್ಲಿ ಒಬ್ಬನೇ ಕೈ ಬೀಸುತ್ತ, ಗಿರಕಿ ಹೊಡೆಯುತ್ತ ತೊಗರಿ ಕಟ್ಟಿಗೆಗಳ ನಡುವೆ ಓಡುವವನನ್ನು ಕಂಡು ಚೊಂಬು ಹಿಡಿದು ಹೊರಟವರು ಏನೆಂದುಕೊಳ್ಳುತ್ತಾರೋ, ನಾನು ಕೇಳಿಲ್ಲ.

ಕಣದ ಒಡೆಯ ಮುತ್ಯಾ ಮಾತ್ರ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ ತಪ್ಪದೆ ನೋಡುತ್ತಾನೆ. ಒಂದು ದಿನ ತಾನಾಗಿಯೇ ಹೇಳಿದ: “ಸುಮ್ನೆ ಯಾಕ ಒದರ್ತಿ ತಮ್ಮಾ? ಅದು ನಿನ್ನ ಬಾಯಿ ಕೇಳಲ್ಲ, ಹೆಗಲು ನೋಡ್ತದ.” ಪುಸ್ತಕಗಳು ಪುಟಗಟ್ಟಲೆ ಬರೆಯುವುದೂ ಇದನ್ನೇ. ಟೆರಿಯರ್ ಹಟಮಾರಿ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೆಗಲು ಒಂದು ಕಡೆ, ಪಾದ ಇನ್ನೊಂದು ಕಡೆ ಹೇಳಿದರೆ ಅವಳು ನಿಂತು ಬೊಗಳುತ್ತಾಳೆ; ಎರಡೂ ಒಂದೇ ಮಾತಾಡಿದರೆ ಮರುಮಾತಿಲ್ಲದೆ ತಿರುಗುತ್ತಾಳೆ. ಉಳಿದರ್ಧ ಹೆಗ್ಗಣದ ಬಿಲ. ಕಣದಂಚಿನಲ್ಲಿ ಅದರ ವಾಸನೆ ಬಂದ ದಿನ ಯಾವ ಹೆಗಲೂ ನಡೆಯುವುದಿಲ್ಲ, ಬೇಯಿಸಿದ ಮೊಟ್ಟೆಯ ಚೂರೂ ನಡೆಯುವುದಿಲ್ಲ.

ನಿಮ್ಮ ಮನೆಯಲ್ಲೂ ಸುಮ್ಮನೆ ಕೂರದ ಸಣ್ಣ ನಾಯಿಯೊಂದಿದ್ದರೆ, ಬೀದಿಯದಾದರೂ ಸರಿ, ಒಂದು ತೊಗರಿ ಕಟ್ಟಿಗೆ ನೆಲದಿಂದ ನಾಲ್ಕು ಬೆರಳು ಎತ್ತರಕ್ಕಿಟ್ಟು ಶುರುಮಾಡಿ. ಎತ್ತರದ ಜಿಗಿತ ಒಂದೂವರೆ ವರ್ಷ ತುಂಬುವ ತನಕ ಬೇಡ, ಎಲುಬು ಬಲಿಯಬೇಕು. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ಮುಗಿಸಿ, ನೀರಿನ ಬೋಗುಣಿ ಪಕ್ಕದಲ್ಲೇ ಇರಲಿ.