ಕಾಪ್ರೇಕರ್ ಮೇಷ್ಟರ ಸಂಖ್ಯೆ

ಮಹಾರಾಷ್ಟ್ರದಲ್ಲಿ ನಾಸಿಕದ ಬಳಿ ದೇವಳಾಲಿ ಎಂಬ ಊರಿದೆ. 1930ರಿಂದ 1962ರವರೆಗೆ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅಲ್ಲಿ ಶಾಲಾ ಮೇಷ್ಟರಾಗಿದ್ದರು. ಗಣಿತದಲ್ಲಿ ಅವರಿಗೆ ಸ್ನಾತಕೋತ್ತರ ಪದವಿ ಇರಲಿಲ್ಲ. ದೊಡ್ಡ ವಿದ್ಯಾಸಂಸ್ಥೆಯ ಆಸರೆಯೂ ಇರಲಿಲ್ಲ. ಇದ್ದದ್ದು ಸಂಖ್ಯೆಗಳ ಹುಚ್ಚು. ಬೇರೆಯವರು ಬಿಡುವಿನಲ್ಲಿ ಚದುರಂಗಕ್ಕೋ ಸಂಗೀತಕ್ಕೋ ಕೂರುವಂತೆ ಅವರು ಕಾಗದ, ಪೆನ್ಸಿಲ್ಲು ಹಿಡಿದು ಕೂಡುತ್ತ ಕಳೆಯುತ್ತ ಕೂರುತ್ತಿದ್ದರು.

ಅವರ ಆಟಗಳಲ್ಲಿ ಬಹಳ ಹೆಸರಾದದ್ದನ್ನು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಅವರು ಮುಂದಿಟ್ಟರು. ಯಾವುದಾದರೊಂದು ನಾಲ್ಕಂಕಿಯ ಸಂಖ್ಯೆ ಬರೆದುಕೊಳ್ಳಬೇಕು. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಒಂದು ಸಂಖ್ಯೆ, ಏರಿಕೆ ಕ್ರಮದಲ್ಲಿ ಜೋಡಿಸಿದರೆ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋಗಬೇಕು. ಉತ್ತರ ಮೂರಂಕಿಗೆ ಇಳಿದರೆ ಎಡಗಡೆ ಒಂದು ಸೊನ್ನೆ ಸೇರಿಸಿಕೊಂಡರಾಯಿತು.

ಕನ್ನಡ ನಾಡು ಒಂದಾದ 1956ನ್ನೇ ತೆಗೆದುಕೊಂಡರೆ, 9651ರಲ್ಲಿ 1569 ಕಳೆದಾಗ 8082. ಮುಂದೆ 8820ರಲ್ಲಿ 0288 ಕಳೆದಾಗ 8532. ಅದರಲ್ಲಿ 2358 ಕಳೆದಾಗ 6174. ಇನ್ನೊಮ್ಮೆ ಮಾಡಿದರೆ 7641ರಲ್ಲಿ 1467 ಹೋಗಿ ಮತ್ತೆ 6174! ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಇದೇ ಸಂಖ್ಯೆಗೆ ಬಂದು ನಿಲ್ಲಬೇಕು. ತಮಾಷೆಯೆಂದರೆ, ಕಾಪ್ರೇಕರ್ ಹುಟ್ಟಿದ ವರ್ಷವಾದ 1905ಕ್ಕೆ ಆ ಏಳೂ ಹೆಜ್ಜೆಗಳು ಬೇಕು.

ಇಂಥ ಆಟಗಳನ್ನು ಗಣಿತವೆಂದು ಎಲ್ಲರೂ ಒಪ್ಪುವುದಿಲ್ಲ. ರಾಮಾನುಜನ್ ಅವರ ಪ್ರತಿಭೆಯನ್ನು ಗುರುತಿಸಿದ ಜಿ. ಎಚ್. ಹಾರ್ಡಿ 1940ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಮಾತನ್ನು ಎತ್ತಿದ್ದಾರೆ. 2178ನ್ನು 4ರಿಂದ ಗುಣಿಸಿದರೆ ಅದೇ ಅಂಕಿಗಳು ತಿರುಗುಮುರುಗಾಗಿ 8712 ಬರುತ್ತದೆ. 1089ನ್ನು 9ರಿಂದ ಗುಣಿಸಿದರೆ 9801. ಇವು ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿಯೇ ಹೊರತು ಗಣಿತಜ್ಞನಿಗೆ ಇವುಗಳಲ್ಲಿ ಏನೂ ಇಲ್ಲವೆಂಬುದು ಅವರ ಅಭಿಪ್ರಾಯ. ಕಾಪ್ರೇಕರ್ ಅವರನ್ನೂ ಹಲವು ವಿದ್ವಾಂಸರು ಹಗುರವಾಗಿಯೇ ಕಂಡರು. ಅವರು ತಮ್ಮ ಎಷ್ಟೋ ಶೋಧಗಳನ್ನು ತಾವೇ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಬೇಕಾಯಿತು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಅಂಕಣದಲ್ಲಿ ಅವರ ಬಗ್ಗೆ ಬರೆದ ಮೇಲೆ ಹೊರಜಗತ್ತು ಅವರತ್ತ ತಿರುಗಿ ನೋಡಿತು. ಆಗ ಅವರಿಗೆ ಎಪ್ಪತ್ತು ವರ್ಷ.

ಹಾರ್ಡಿಯವರ ಮಾತು ಗಣಿತಜ್ಞರ ಮಟ್ಟಿಗೆ ಸರಿಯಿರಬಹುದು. ಮಕ್ಕಳ ಮಟ್ಟಿಗೆ ಸಂಗತಿ ಬೇರೆ. 6174 ಮೂರನೆಯ ಸಲವೂ ಬಂದಾಗ ಎಂಥ ಮಗುವೂ ‘ಯಾಕೆ ಹೀಗೆ?’ ಎಂದು ಕೇಳದೆ ಇರದು. ಗಣಿತ ಶುರುವಾಗುವುದೇ ಅಲ್ಲಿ.

ಆ ‘ಯಾಕೆ’ಗೆ ಹೈಸ್ಕೂಲಿನ ಬೀಜಗಣಿತ ಸಾಕು. ಅಂಕಿಗಳು ಇಳಿಕೆ ಕ್ರಮದಲ್ಲಿ ಕ, ಖ, ಗ, ಘ ಎಂದಿರಲಿ. ಕಳೆದಾಗ ಬರುವುದು (ಕ − ಘ)ದ 999ರಷ್ಟು, ಜೊತೆಗೆ (ಖ − ಗ)ದ 90ರಷ್ಟು. ಅಂದರೆ ಉತ್ತರವನ್ನು ನಿರ್ಧರಿಸುವುದು ಎರಡೇ ವ್ಯತ್ಯಾಸಗಳು. ಮೊದಲನೆಯದು 1ರಿಂದ 9ರವರೆಗೆ ಇರಬಹುದು; ಎರಡನೆಯದು ಸೊನ್ನೆಯಿಂದ ಹಿಡಿದು ಮೊದಲನೆಯದರಷ್ಟೇ ಆಗಬಹುದು, ಅದನ್ನು ಮೀರುವಂತಿಲ್ಲ. ಎಣಿಸಿದರೆ ಒಟ್ಟು 54 ಜೋಡಿ. ಸಾವಿರಾರು ಸಂಖ್ಯೆಗಳ ಜಾತ್ರೆ ಮೊದಲ ಹೆಜ್ಜೆಯಲ್ಲೇ 54ಕ್ಕೆ ಇಳಿಯುತ್ತದೆ. ಆ 54ನ್ನೂ ಒಂದು ತರಗತಿಯ ಮಕ್ಕಳು ಹಂಚಿಕೊಂಡು ಕೈಯಾರೆ ಪರೀಕ್ಷಿಸಿ ನೋಡಬಹುದು. ಅಲ್ಲಿಯವರೆಗೆ ಅಕ್ಷರಗಳ ಕಾಟವಾಗಿದ್ದ ಬೀಜಗಣಿತ ಅವರಿಗೆ ಮೊದಲ ಬಾರಿ ಒಂದು ಉಪಕಾರ ಮಾಡಿರುತ್ತದೆ.

ಮೇಲಿನ 999, 90 ಎರಡೂ 9ರ ಗುಣಕಗಳು. ಮನೆಮಂದಿಯನ್ನು ಬೆರಗುಗೊಳಿಸುವ ಒಂದು ಚಮತ್ಕಾರದ ಹಿಂದೆಯೂ ಈ 9ರ ಕೈವಾಡವೇ ಇದೆ. ಒಬ್ಬರು ಗುಟ್ಟಾಗಿ ಒಂದು ಸಂಖ್ಯೆ ಬರೆದು, ಅದರ ಅಂಕಿಗಳನ್ನು ಅದಲುಬದಲು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. 5283ರಲ್ಲಿ 3825 ಕಳೆದರೆ 1458. ಇದರಲ್ಲಿ ಸೊನ್ನೆಯಲ್ಲದ ಒಂದು ಅಂಕಿಯನ್ನು ಮರೆಮಾಡಿ, ಉಳಿದವುಗಳ ಮೊತ್ತವನ್ನಷ್ಟೇ ಹೇಳಲಿ. 5ನ್ನು ಮರೆಮಾಡಿದರೆ ಮೊತ್ತ 13. ಅದರ ಮುಂದಿನ 9ರ ಗುಣಕ 18, ಕೊರತೆ 5. ಮರೆಯಾದ ಅಂಕಿ ಸಿಕ್ಕಿಬಿತ್ತು! ಹೇಳಿದ ಮೊತ್ತವೇ 9ರ ಗುಣಕವಾಗಿದ್ದರೆ ಮರೆಯಾದದ್ದು 9. ಕಾರಣ ಸರಳ. 10, 100, 1000 ಎಲ್ಲವೂ 9ರ ಗುಣಕಕ್ಕಿಂತ ಒಂದೇ ಹೆಚ್ಚು. ಹಾಗಾಗಿ ಅಂಕಿಗಳನ್ನು ಹೇಗೆ ಜೋಡಿಸಿದರೂ 9ರಿಂದ ಭಾಗಿಸಿದಾಗ ಉಳಿಯುವ ಶೇಷ ಒಂದೇ. ಕಳೆದಾಗ ಆ ಶೇಷ ಹೊರಟುಹೋಗುತ್ತದೆ.

ಇಂಥ ಆಟಗಳಿಗೆ ಮನೆಗಳಲ್ಲಿ ಜಾಗ ಕಡಿಮೆಯಾಗುತ್ತಿದೆ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳು. ಅಲ್ಲಿ ವೇಗ ಬೇಕೇ ಬೇಕು. ಆದರೆ ಆ ಗಡಿಯಾರ ಐದನೆಯ ತರಗತಿಯ ಮಗುವಿನ ಮೇಜಿಗೂ ಬಂದು ಕೂತಿದೆ. ನಿಧಾನವಾಗಿ ಯೋಚಿಸುವ ಮಗುವಿಗೆ ‘ಲೆಕ್ಕದಲ್ಲಿ ಹಿಂದೆ’ ಎಂಬ ಹಣೆಪಟ್ಟಿ ಬೇಗ ಅಂಟುತ್ತದೆ. ಒಮ್ಮೆ ಅಂಟಿದರೆ, ತನಗೆ ಲೆಕ್ಕ ಬಾರದೆಂದು ಮಗುವೂ ನಂಬಿಬಿಡುತ್ತದೆ. ಒಗಟಿಗೆ ಗಡಿಯಾರವಿಲ್ಲ, ಅಂಕವಿಲ್ಲ. ರಾತ್ರಿ ಬಿಡಿಸಲಾಗದೆ ಮಲಗಿದವರಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ದಾರಿ ಹೊಳೆಯುವುದುಂಟು. ಆ ಸುಖ ಒಮ್ಮೆ ಸಿಕ್ಕ ಮಗುವಿಗೆ ಪಠ್ಯಪುಸ್ತಕದ ಲೆಕ್ಕವೂ ಅಷ್ಟು ಭಯಂಕರವಾಗಿ ಕಾಣದು.

ಅಪ್ಪ ಅಮ್ಮ ಇದಕ್ಕೆ ಗಣಿತದ ಪಂಡಿತರಾಗಬೇಕಿಲ್ಲ. ಜೊತೆಗೆ ಕೂತು ತಾವೂ ತಪ್ಪು ಮಾಡಿ, ತಾವೂ ಬೆರಗಾದರೆ ಸಾಕು. ಉತ್ತರ ಗೊತ್ತಿದ್ದರೆ ಬಾಯಿ ಬಿಗಿಹಿಡಿಯುವುದು ಇನ್ನೂ ಒಳ್ಳೆಯದು. ಬೇರೆಯವರು ಹೇಳಿಕೊಟ್ಟ ಉತ್ತರ ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡಂತೆ.

ಮೂರಂಕಿಯ ಸಂಖ್ಯೆಗಳಿಗೂ 6174ರಂಥ ಒಂದು ಕೊನೆಯ ನಿಲ್ದಾಣವಿದೆ. ಎರಡಂಕಿಯವು ಮಾತ್ರ ಎಲ್ಲಿಯೂ ನಿಲ್ಲದೆ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ. ಆ ನಿಲ್ದಾಣ ಯಾವುದು, ಆ ಸುತ್ತು ಯಾವುದು? ಭಾನುವಾರ ಮಧ್ಯಾಹ್ನಕ್ಕೆ ಇಷ್ಟು ಕೆಲಸ ಸಾಕು.