ನೊಣ ಕಾಯುವ ಕೆಲಸ

ಮೈಸೂರಿನ ಗೋಕುಲಂನಲ್ಲಿ ಬೆಳಗಿನ ನಾಲ್ಕಕ್ಕೇ ದೀಪ ಹತ್ತುವ ಕೋಣೆಗಳಲ್ಲಿ ಹೆಚ್ಚಿನವು ಅಷ್ಟಾಂಗ ಯೋಗ ಕಲಿಯಲು ಬಂದ ವಿದೇಶಿಗರವು. ಒಂದು ನನ್ನದು. ಅವರು ಚಾಪೆ ಹೆಗಲಿಗೇರಿಸಿ ಹೊರಟರೆ ನಾನು ಸ್ಕೂಟರ್ ಹತ್ತಿ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನ ದಾರಿ ಹಿಡಿಯುತ್ತೇನೆ. “ನೊಣ ಕಾಯೋದಕ್ಕೆ ಇಷ್ಟೆಲ್ಲ ಓದ್ಬೇಕಿತ್ತೇನಮ್ಮಾ?” ಎನ್ನುತ್ತಾರೆ ಓನರ್ ಆಂಟಿ. ಪಿಎಚ್.ಡಿ. ಎಂದರೆ ಬಹುಪಾಲು ಅದೇ, ಆಂಟಿ.

ಕಳಿತ ಬಾಳೆಹಣ್ಣಿನ ಸುತ್ತ ಹಾರುವ ಪುಟ್ಟ ನೊಣ, ಡ್ರೊಸೊಫಿಲ, ಕೋಶ ಒಡೆದು ಹೊರಬರುವುದು ಹೆಚ್ಚಾಗಿ ನಸುಕಿನಲ್ಲಿ. ಹೊಸ ಹೆಣ್ಣು ಕೆಲವು ಗಂಟೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಅಷ್ಟರೊಳಗೆ ಬೇರೆ ಬಾಟಲಿಗೆ ಹಾಕಿದರಷ್ಟೇ ಅದು ಪ್ರಯೋಗಕ್ಕೆ ಆದೀತು. ಹೀಗೆ ಹೊರಬರುವ ಹೊತ್ತು ತಪ್ಪಿದ ನೊಣಗಳಿಂದಲೇ ಕೊನೊಪ್ಕ ಮತ್ತು ಬೆಂಜರ್ 1971ರಲ್ಲಿ ‘ಪೀರಿಯಡ್’ ಜೀನನ್ನು ಗುರುತಿಸಿದ್ದು. ಆ ಜೀನು ನಡೆಸುವ ದೇಹದ ಗಡಿಯಾರದ ಒಳಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನನಗೆ ಬಂದದ್ದು ಅಲಾರಂ.

ನೊಣಗಳ ಊಟವನ್ನೂ ನಾವೇ ಬೇಯಿಸಬೇಕು. ರವೆ, ಬೆಲ್ಲ, ಅಗರ್ ಕುದಿಯುವಾಗ ಕಾರಿಡಾರಿನ ತುಂಬ ಸಜ್ಜಿಗೆಯ ಘಮ. ಬೂಸ್ಟು ಹಿಡಿಯದಿರಲೆಂದು ಪ್ರೊಪಿಯಾನಿಕ್ ಆಮ್ಲ ಸುರಿದೊಡನೆ ಆಸೆ ಮುಗಿಯಿತು. ಫೆಲೋಶಿಪ್ ತಡವಾದ ತಿಂಗಳಲ್ಲಿ ಆ ಘಮ ಸ್ವಲ್ಪ ಕ್ರೂರವೇ.

ಇಷ್ಟೆಲ್ಲ ಪಾಡು ಆಮೇಲಿನ ನೋಟಕ್ಕಾಗಿ. ಒಂದು ಗಂಡನ್ನೂ ಒಂದು ಹೆಣ್ಣನ್ನೂ ಪುಟ್ಟ ಗಾಜಿನ ಕೋಣೆಗೆ ಬಿಟ್ಟು ಸ್ಟಾಪ್‌ವಾಚ್ ಹಿಡಿದು ಕೂರಬೇಕು. ಗಂಡು ಹಿಂದಿನಿಂದ ಬಂದು ಮುಂಗಾಲಿನಿಂದ ಮೆಲ್ಲಗೆ ತಟ್ಟುತ್ತದೆ. ಒಂದೇ ರೆಕ್ಕೆ ಚಾಚಿ, ಕಂಪಿಸಿ, ನಮ್ಮ ಕಿವಿಗೆ ಬೀಳದ ಹಾಡು ಹಾಡುತ್ತದೆ. ಹೆಣ್ಣು ಒದ್ದು ಓಡುತ್ತದೆ. ಮತ್ತೆ ಸುತ್ತು, ಮತ್ತೆ ರೆಕ್ಕೆ. ಯಾರೂ ಕಲಿಸಿದ್ದಲ್ಲ ಇದು. ‘ಫ್ರೂಟ್‌ಲೆಸ್’ ಜೀನಿನ ಗಂಡು ರೂಪವನ್ನು ಹೆಣ್ಣಿನಲ್ಲಿ ಕೆಲಸಕ್ಕೆ ಹಚ್ಚಿದರೆ ಆ ಹೆಣ್ಣೇ ಇತರ ಹೆಣ್ಣುಗಳ ಬೆನ್ನುಹತ್ತಿ ರೆಕ್ಕೆ ಚಾಚುತ್ತದೆಂದು 2005ರಲ್ಲಿ ಡೆಮಿರ್ ಮತ್ತು ಡಿಕ್ಸನ್ ತೋರಿಸಿಕೊಟ್ಟರು. 2024ರಲ್ಲಿ ಹೆಣ್ಣು ನೊಣದ ಮಿದುಳಿನ 1,39,255 ನರಕೋಶಗಳ ಪೂರ್ತಿ ನಕ್ಷೆಯೇ ಪ್ರಕಟವಾಯಿತು. ಆದರೂ ಈ ಹೆಣ್ಣು ಆ ಗಂಡಿಗೆ ಒಪ್ಪೀತೇ ಎಂಬುದಕ್ಕೆ ನಕ್ಷೆ ಹಿಡಿದು ಉತ್ತರ ಹೇಳಲಾಗದು, ಕೂತು ನೋಡಲೇಬೇಕು. ನಮ್ಮ ಮೈಸೂರಿನಲ್ಲೇ ಹಾಗೆ ನೋಡಿದ ಎಂ.ಎಸ್. ಕೃಷ್ಣ ಅವರ ತಂಡ, ಡ್ರೊಸೊಫಿಲ ಬೈಪೆಕ್ಟಿನೇಟದ ಹೆಣ್ಣುಗಳು ಎಳೆಯ ಗಂಡುಗಳಿಗಿಂತ ವಯಸ್ಸಾದವನ್ನು ಮೆಚ್ಚುತ್ತವೆಂದು 2011ರಲ್ಲಿ ಬರೆಯಿತು. ಸೀನಿಯರುಗಳಿಗೆ ತುಂಬ ಪ್ರಿಯವಾದ ಲೇಖನ.

ಈ ನೋಟ ನಿಮ್ಮ ಮನೆಯಲ್ಲೂ ಆದೀತು. ಕಳಿತ ಬಾಳೆಹಣ್ಣಿನ ಚೂರೊಂದನ್ನು ಗಾಜಿನ ಬಾಟಲಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಡಿ. ನೊಣ ಬಂದ ಮೇಲೆ ಬಾಯಿಗೆ ಹತ್ತಿ ತುರುಕಿ, ಭೂತಗನ್ನಡಿ ಹಿಡಿದು ನೋಡಿ.